ಪೆಟ್ಟಿಗೆಯ ಕೆಳಗಿನ ದೀಪ

ವ್ಯಾಪಾರಿಯ ಕಣ್ಣಿಗೆ ಮೊದಲು ಬೀಳುವುದು ಸಾಮಾನಲ್ಲ, ಅದರ ಒಡಕು. ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ನನ್ನದೊಂದು ಗೋದಾಮಿದೆ. ಹೋಟೆಲಿನವರಿಗೆ ಪಾತ್ರೆ ಪಡಗ, ಮನೆಯವರಿಗೆ ದೀಪ, ಬತ್ತಿ, ಎಣ್ಣೆ. ಕಂಚಿನ ಪಾತ್ರೆ ಬಂದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇನೆ. ನೆಗ್ಗಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಿ ಕೇಳಬಹುದು. ಸೀಳಿದ್ದರೆ ಸದ್ದೇ ಹೇಳಿಬಿಡುತ್ತದೆ. ಮನುಷ್ಯರನ್ನೂ ಹೀಗೇ ತಟ್ಟಿ ನೋಡುತ್ತೇನೆ, ಅವರಿಗೆ ಗೊತ್ತಾಗದ ಹಾಗೆ.

ಗುರುದೇವಿಯನ್ನು ಮೊದಲು ಕಂಡಾಗ ನಾನು ಕಟ್ಟಿದ ಬೆಲೆ ಹೆಚ್ಚೇನಲ್ಲ. ಗಿಡ್ಡ ಆಳು. ಇಳಕಲ್ ಸೀರೆಯ ಮೇಲೆ ಕೌನ್ಸಿಲ್ಲು ಎಂಬ ಇಲ್ಲಿಯ ನಗರಸಭೆಯವರು ಕೊಟ್ಟ ದಪ್ಪ ಜಾಕೆಟ್ಟು, ಅದರ ತೋಳು ಬೆರಳ ತುದಿಯ ತನಕ. ಕಾಲಿಗೆ ತೀರಿಹೋದ ಗಂಡನ ಬೂಟು. ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ನಡೆದರೆ ಎತ್ತಿನ ಗಾಡಿ ಬಂದ ಹಾಗೆ ಸದ್ದು. ಹಳೆಯ ಮಾಲು, ಅಂಚೆಲ್ಲ ನೆಗ್ಗಿದೆ ಅಂದುಕೊಂಡೆ. ತಟ್ಟಿ ನೋಡುವ ಎಂದು, ಎಣ್ಣೆಯ ಡಬ್ಬಿ ಇಳಿಸುತ್ತಾ ಕೇಳಿದೆ:

"ಅಕ್ಕಾ, ಸರಕಾರಿ ಕಟ್ಟಡದ ಹಾಲಿನಲ್ಲಿ ದೀಪ ಹಚ್ಚಲಿಕ್ಕೆ ನಿಮಗೆ ಯಾರು ಪರವಾನಗಿ ಕೊಟ್ಟದ್ದು?"

"ಕತ್ತಲಿ ಮಾಡಾಕ ಅವ್ರಿಗೆ ಯಾರ್ ಕೊಟ್ಟಾರ್ರೀ ಶೆಟ್ರ?" ಅಂದಳು, ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಾ. "ಹಾಂ, ಈ ಎಣ್ಣಿಯೊಳಗ ಏನೇನ್ ಕಲಸೀರಿ, ಅದನ್ನ ಹೇಳ್ರಿ ಮೊದಲ."

ಸೀಳಿರಲಿಲ್ಲ.

ಫೆಲ್ಥಮ್‌ನ ಆ ಹಾಲು ಮುದುಕ ಮುದುಕಿಯರ ಹಗಲಿನ ಆಶ್ರಯ. ಬೆಳಿಗ್ಗೆ ಬಂದು ಚಹಾ ಕುಡಿದು, ಊಟ ಮಾಡಿ, ಜಗಳ ಮಾಡಿ ಸಂಜೆ ಮನೆಗೆ ಹೋಗುವುದು. ಗುರುದೇವಿ ಅದರ ಕೇರ್‌ಟೇಕರ್. ಬೈಲಹೊಂಗಲದ ಕಡೆಯವಳು, ಗಂಡ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತುತ್ತಿದ್ದ, ಈಕೆ ಅಲ್ಲೇ ವಿಮಾನದ ಹೊಟ್ಟೆ ಗುಡಿಸುತ್ತಿದ್ದಳು. ಗಂಡ ಹೋದ ಮೇಲೆ, ತೊಂಬತ್ತರ ದಶಕದಲ್ಲಿ, ಈ ಹಾಲಿನ ಕೆಲಸ ಸಿಕ್ಕಿತು. ಮಗ ವಿಕಾಸ ಆಗ ಶಾಲೆಯಲ್ಲಿದ್ದ. ಅವಳು ಕನ್ನಡದಲ್ಲಿ ಕೇಳಿದರೆ ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ಇಬ್ಬರ ಸಂಸಾರವೂ ಅದರಲ್ಲೇ ನಡೆದುಹೋಯಿತು.

ಬಾಗಿಲು ತೆಗೆದ ಕೂಡಲೇ ಅವಳ ಮೊದಲ ಕೆಲಸ ದೀಪ. ಕೂರುವ ಕೋಣೆಯ ಗೋಡೆಗೆ ಎದೆಯೆತ್ತರದಲ್ಲಿ ಒಂದು ಹಲಗೆ, ಅದರ ಮೇಲೆ ನನ್ನ ಅಂಗಡಿಯ ಹಿತ್ತಾಳೆ ದೀಪ. ಬೆಂಕಿ ಸುರಕ್ಷತೆಯ ಅಧಿಕಾರಿ ಬಂದು ಕುಣಿದಾಡಿದ. ಕೊನೆಗೆ ದೀಪದ ಸುತ್ತ ಕಂದೀಲಿನ ಗಾಜು ಇಡಬೇಕು, ಹಾಲಿನಲ್ಲಿ ಯಾರೂ ಇಲ್ಲದಾಗ ಉರಿಯಕೂಡದು ಎಂದು ಒಪ್ಪಿಕೊಂಡ. ಗುರುದೇವಿ ದೀಪವನ್ನು ಕೈಯಾರೆ ಶಾಂತ ಮಾಡುವವಳಲ್ಲ. ಬೆಳಿಗ್ಗೆ ಸಂಜೆಗಾಗುವಷ್ಟೇ ಎಣ್ಣೆ ಹಾಕುವಳು; ಸಂಜೆ ಎಲ್ಲರೂ ಹೋದ ಮೇಲೆ ಅದು ತಾನಾಗಿ ಶಾಂತವಾಗುವ ತನಕ ಎದುರಿಗೆ ಕುಳಿತಿದ್ದು, ಆಮೇಲೆ ಬೀಗ ಹಾಕುವಳು. ವಿಧವೆ ದೀಪ ಹಚ್ಚುವುದೇ ಎಂದು ಕೆಲವರು ಮೂಗು ಮುರಿದದ್ದುಂಟು. "ನಮ್ಮ ಲಿಂಗಾಯತರೊಳಗ ಅದೆಲ್ಲಾ ಇಲ್ರೀ, ಅದನ್ನೆಲ್ಲಾ ಬಿಟ್ಟು ಭಾಳ ದಿವಸ ಆತು" ಎಂದು ಅವಳು ಬತ್ತಿ ಹೊಸೆಯುತ್ತಿದ್ದಳು.

ಮೂಗು ಮುರಿದವರಲ್ಲಿ ನನ್ನ ತಾಯಿಯೂ ಒಬ್ಬಳು. ಕುಂದಾಪುರದವಳು, ಅಪ್ಪ ಹೋದ ಮೇಲೆ ನಾನೇ ಕರೆಸಿಕೊಂಡದ್ದು. ತಾನೂ ವಿಧವೆಯೇ, ಆದರೆ ತನ್ನ ವೈಧವ್ಯ ಬೇರೆ ಜಾತಿಯದು ಎಂಬ ಠೀವಿ. ನಾನು ಗೋದಾಮಿಗೆ ಹೋದರೆ ಅವಳಿಗೆ ಆ ಹಾಲೇ ಊರು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಕಂಪನಿಯವರು ಬಂದರು. ಕಂಪನಿಯ ಹೆಸರು ಇಲ್ಲಿ ಬೇಡ. ಅವರು ಮಾರುತ್ತಿದ್ದ ಮಾಲನ್ನು ಕೇಳಿ ನಾನು ಮನಸ್ಸಿನಲ್ಲೇ ಟೋಪಿ ತೆಗೆದೆ. ಕೌನ್ಸಿಲ್ಲಿನ ಹಳೆಯ ಕಟ್ಟಡಗಳು ಕೋಣೆ ಕಾಯಿಸಲು ಗ್ಯಾಸು ಕುಡಿಯುತ್ತವೆ. ಕಂಪನಿ ತಾನೇ ಬಂಡವಾಳ ತಂದು ಹೊಸ ಬಾಯ್ಲರ್ ಕೂರಿಸುತ್ತದೆ, ಕಿಟಕಿಯ ಸಂದು ಮುಚ್ಚುತ್ತದೆ, ಬಲ್ಬು ಬದಲಿಸುತ್ತದೆ. ಕೌನ್ಸಿಲ್ ಕೈಯಿಂದ ಏನೂ ಹಾಕಬೇಕಿಲ್ಲ; ಗ್ಯಾಸಿನ ಬಿಲ್ಲಿನಲ್ಲಿ ಎಷ್ಟು ಉಳಿಯುತ್ತದೋ ಅದರಿಂದ ವರ್ಷ ವರ್ಷ ತೀರಿಸಿದರೆ ಸಾಕು. ಇಷ್ಟು ಉಳಿದೇ ಉಳಿಯುತ್ತದೆ ಎಂದು ಕಂಪನಿಯ ಗ್ಯಾರಂಟಿ. ಉಳಿಯದಿದ್ದರೆ ಕಮ್ಮಿಬಿದ್ದದ್ದನ್ನು ಕಂಪನಿಯೇ ಕಟ್ಟಿಕೊಡಬೇಕು, ಹೆಚ್ಚು ಉಳಿದರೆ ಇಬ್ಬರಿಗೂ ಪಾಲು. ಅಂದರೆ ಉರಿಯದೆ ಉಳಿದ ಗ್ಯಾಸನ್ನು ಮಾರುವ ವ್ಯಾಪಾರ. ಗೋದಾಮು ಬೇಡ, ಲಾರಿ ಬೇಡ, ಇಲಿಗಳ ಕಾಟವಿಲ್ಲ.

ಕರಾರು ಕೆಟ್ಟದ್ದೆಂದು ನಾನು ಈಗಲೂ ಹೇಳುವುದಿಲ್ಲ. ಆದರೆ ನಲವತ್ತು ವರ್ಷ ಅಂಗಡಿಯಲ್ಲಿ ಕುಳಿತವನಿಗೆ ಗ್ಯಾರಂಟಿ ಅಂದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: ಯಾವುದಕ್ಕೆ? ಅವರು ಗ್ಯಾರಂಟಿ ಕೊಟ್ಟದ್ದು ಉಳಿತಾಯಕ್ಕೆ. ಕೋಣೆ ಬೆಚ್ಚಗಿರಬೇಕೆಂಬ ಮಾತೂ ಕರಾರಿನಲ್ಲಿತ್ತು. ಬೆಚ್ಚಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರವನ್ನು ಮಾತ್ರ ಮುದುಕರ ಕೈಯಿಂದ ತೆಗೆದು, ಗೋಡೆಯ ಮೇಲಿನ ಒಂದು ಬಿಳಿ ಪೆಟ್ಟಿಗೆಗೆ ಕೊಟ್ಟಿದ್ದರು.

ಸಾಬೂನಿನ ಡಬ್ಬಿಯಷ್ಟು ಪೆಟ್ಟಿಗೆ. ಗುಂಡಿಯಿಲ್ಲ, ಮುಳ್ಳಿಲ್ಲ, ಅಂಕಿಯಿಲ್ಲ. ಅದು ಕೋಣೆಯ ಬಿಸಿ ಅಳೆದು ದೂರದ ಒಂದು ಆಫೀಸಿಗೆ ಹೇಳುತ್ತದೆ. ಆಫೀಸಿನ ಯಂತ್ರ ಬಾಯ್ಲರಿಗೆ ಉರಿ ಅಥವಾ ನಿಲ್ಲು ಎನ್ನುತ್ತದೆ. ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ರೇಡಿಯೇಟರುಗಳ ತಿರುಗಣೆಗಳನ್ನು ಕಳಚಿಕೊಂಡು ಹೋದರು. ಪೆಟ್ಟಿಗೆ ಕೂರಿಸಲು ಬಂದ ಹುಡುಗನಿಗೆ ವೈರು ಸುಲಭವಾಗಿ ಸಿಕ್ಕಿದ್ದು ಆ ಹಲಗೆಯ ಮೇಲಿನ ಗೋಡೆಯಲ್ಲಿ. ಅಂದು ದೀಪ ಅಲ್ಲಿರಲಿಲ್ಲ. ಗುರುದೇವಿ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಲು ಅಡುಗೆಮನೆಗೆ ಒಯ್ದಿದ್ದಳು. ಖಾಲಿ ಹಲಗೆಯ ಮೇಲೆ ಒಂದು ಗೇಣು ಬಿಟ್ಟು ಹುಡುಗ ಪೆಟ್ಟಿಗೆ ಬಿಗಿದು ಹೋದ. ಅವಳು ದೀಪ ತಂದು, ಯಾವತ್ತಿನ ಜಾಗದಲ್ಲಿ, ಗಾಜಿನೊಳಗೆ ಇಟ್ಟಳು. ಗಾಜಿನ ಬಾಯಿ ನೇರ ಪೆಟ್ಟಿಗೆಯ ಹೊಟ್ಟೆಗೆ.

ಬೇಸಿಗೆಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ನವೆಂಬರಿನಲ್ಲಿ ಚಳಿ ಒಳಗೆ ಬಂತು. ಬಂದದ್ದು ಒಂದು ವಿಚಿತ್ರ ರೀತಿಯಲ್ಲಿ. ಬೆಳಿಗ್ಗೆ ಗುರುದೇವಿ ಬೀಗ ತೆಗೆದಾಗ ಕೋಣೆ ಹಿತವಾಗಿ ಬೆಚ್ಚಗಿರುತ್ತಿತ್ತು. ಅವಳು ಒಳಗೆ ಬಂದು ದೀಪ ಹಚ್ಚಿ, ಚಹಾಕ್ಕೆ ನೀರಿಟ್ಟು, ಮುದುಕರು ಬಂದು ಕೂರುವ ಹೊತ್ತಿಗೆ ಪೈಪುಗಳು ಸದ್ದು ನಿಲ್ಲಿಸುತ್ತಿದ್ದವು. ಊಟದ ಹೊತ್ತಿಗೆ ಎಲ್ಲರೂ ಕೋಟು ಹಾಕಿ ಕೂತಿರುತ್ತಿದ್ದರು. ಸಂಜೆ ಎಲ್ಲರೂ ಹೋಗಿ, ದೀಪ ಶಾಂತವಾದ ಮೇಲೆ, ಅವಳು ಬೀಗ ಹಾಕುವಾಗ ಒಳಗಿನಿಂದ ಪೈಪು ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. ಜನ ಹೋಗುವುದನ್ನೇ ಕಾಯುತ್ತಿದ್ದ ಹಾಗೆ.

ಅವಳು ಕಂಪನಿಗೆ ಫೋನು ಮಾಡಿದಳು. ಆ ಕಡೆಯವನು ಮರ್ಯಾದಸ್ಥ. "ಮೇಡಮ್, ನಿಮ್ಮ ಕೋಣೆ ಇಪ್ಪತ್ತೈದು ಡಿಗ್ರಿ ಇದೆ. ನನ್ನ ಆಫೀಸಿಗಿಂತ ಬೆಚ್ಚಗಿದೆ."

ಅವಳು ಒಂದು ಥರ್ಮಾಮೀಟರು ತಂದು ಮೇಜಿನ ಮೇಲಿಟ್ಟು ಓದಿ ಹೇಳಿದಳು. "ಕ್ಷಮಿಸಿ, ನಿಮ್ಮ ಥರ್ಮಾಮೀಟರು ಕರಾರಿನಲ್ಲಿಲ್ಲ" ಅಂದ. ಹಟ ಹಿಡಿದ ಮೇಲೆ ಒಬ್ಬ ಇಂಜಿನಿಯರನ್ನು ಕಳಿಸಿದರು. ಅವನು ಬಂದದ್ದು ಸಂಜೆ, ದೀಪ ಶಾಂತವಾದ ಮೇಲೆ. ರೇಡಿಯೇಟರು ಮುಟ್ಟಿ ನೋಡಿದ. ಸುಡುತ್ತಿತ್ತು. ಎಲ್ಲಾ ಸರಿಯಿದೆ ಎಂದು ಹೋದ.

ಇದರಿಂದ ಆದದ್ದು ಏನೆಂದರೆ, ಮುದುಕರು ತಮ್ಮ ಮೈಯನ್ನೇ ನಂಬುವುದು ಬಿಟ್ಟರು. ಮೈಸೂರಿನ ಅನಂತಮೂರ್ತಿ ಎಂಬ ನಿವೃತ್ತ ಮೇಷ್ಟರಿದ್ದರು, ಮಾತಿಗೊಮ್ಮೆ ವಿಜ್ಞಾನ ಅನ್ನುವವರು. ಒಂದು ದಿನ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಸಮಾಧಾನದಿಂದ ಹೇಳಿದರು: "ಯಂತ್ರ ಇಪ್ಪತ್ತೈದು ಅಂದ್ರೆ ಇಪ್ಪತ್ತೈದೇ ಕಣ್ರೀ. ಹಾಗಿದ್ರೆ ಈ ಚಳಿ ಹೊರಗಿಂದಲ್ಲ. ನನ್ನೊಳಗಿನದು." ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರ ಒಳಗೂ ಅದು ಶುರುವಾಗಿದೆ ಎಂಬಂತೆ.

ಡಿಸೆಂಬರಿನಲ್ಲಿ ಗುರುದೇವಿಗೆ ಜ್ವರ ಬಂದು ಒಂದು ವಾರ ಮಲಗಿದಳು. ಬದಲಿಗೆ ಬಂದವನು ಪೋಲೆಂಡಿನ ಹುಡುಗ. ದೀಪದ ಸುದ್ದಿಗೆ ಹೋಗಲಿಲ್ಲ. ಆ ವಾರವಿಡೀ ಕೋಣೆ ಬೆಚ್ಚಗಿತ್ತು. ಮುದುಕಿಯರು ಕೋಟು ಬಿಚ್ಚಿ ಕೂತರು. ಅವಳು ಮರಳಿ ಬಂದಳು, ದೀಪ ಹಚ್ಚಿದಳು, ಊಟದ ಹೊತ್ತಿಗೆ ಮತ್ತೆ ಕೋಟು.

ಇಂಗ್ಲಿಷರಾದರೆ ಬಾಯ್ಲರನ್ನು ಬೈಯುತ್ತಿದ್ದರು. ನಮ್ಮವರಿಗೆ ಅದಕ್ಕಿಂತ ಹಳೆಯ ವಿವರಣೆ ಗೊತ್ತಿತ್ತು.

"ಅವಳ್ ಕಾಲ್‌ಗುಣ ಕಾಣ್, ಮಗಾ" ಎಂದಳು ನನ್ನ ತಾಯಿ ಮನೆಯಲ್ಲಿ, ಹಾಸಿಗೆಯೊಳಗೆ ಬಿಸಿನೀರಿನ ಚೀಲ ಒತ್ತಿಕೊಂಡು. "ಅವಳ್ ಬಪ್ಪ ತನಕ ಬೆಚ್ಚಗೇ ಇತ್ತ್. ಗಂಡನ್ನ ತಿಂದವಳ್, ಈಗ ನಮ್ಮನ್ನ ತಿಂತಾ ಇದ್ದಾಳೆ."

"ಹಾಗಾದರೆ ನೀನೂ ಅಪ್ಪನ್ನ ತಿಂದವಳೇ ಅಲ್ಲದಾ ಅಮ್ಮ?"

"ನಿಂಗೆ ಎಂತ ಗೊತ್ತ್? ಅವ್ರ್ ಹೋದ್ದ್ ಬಿ.ಪಿ. ಆಯಿ."

ಮಾತು ಹಾಲಿನಲ್ಲೂ ಹಬ್ಬಿತು. ಅವಳು ಚಹಾ ತಂದರೆ ಕೆಲವರು ಕಪ್ಪನ್ನು ಕೈಗೆ ತೆಗೆದುಕೊಳ್ಳದೆ, ಮೇಜು ತೋರಿಸುತ್ತಿದ್ದರು. ಅವಳ ಊರ ಕಡೆಯ ಬಸಲಿಂಗವ್ವ ಒಬ್ಬಳೇ ಎದುರಿಗೆ ಹೇಳಿದ್ದು: "ಗುರುದೇವಿ, ನೀ ಏನಾರ ಹರಕಿ ಗಿರಕಿ ಮರತೀಯೇನ ನೋಡವ್ವಾ." ಲಿಂಗಾಯತರಲ್ಲಿ ಅದೆಲ್ಲಾ ಇಲ್ಲ ಅಂದವಳು ಅಂದು ತಲೆಬಗ್ಗಿಸಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಹೋದಳು.

ಜನವರಿಯಲ್ಲಿ ಅನಂತಮೂರ್ತಿ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದರು. ಅವರು ಮರಳಿ ಬರುವ ತನಕ, ಕೋಣೆಯಲ್ಲಿ ಜನ ಇರುವಾಗ ದೀಪ ಶಾಂತವಾಗಕೂಡದು ಎಂದು ಗುರುದೇವಿ ಹರಕೆ ಹೊತ್ತಳು. ಒಂದು ಬತ್ತಿಯ ಜಾಗದಲ್ಲಿ ಐದು ಬತ್ತಿ. ನನ್ನಲ್ಲಿ ಎಣ್ಣೆಯೂ ಹೆಚ್ಚಿಗೆ ತರಿಸಿಕೊಂಡಳು. ನಾನು ಸಂತೋಷದಿಂದಲೇ ತಂದು ಕೊಟ್ಟೆ. ಐದು ಬತ್ತಿಯ ಬಿಸಿ ಪೆಟ್ಟಿಗೆಗೆ ತಾಗಿತು. ಅಂದಿನಿಂದ ರೇಡಿಯೇಟರುಗಳು ಹಗಲಲ್ಲಿ ಕಲ್ಲು. ಅವಳು ಹೆಚ್ಚು ಬೇಡಿಕೊಂಡಷ್ಟೂ ಕೋಣೆ ಹೆಚ್ಚು ತಣ್ಣಗಾಯಿತು.

ಅದೇ ವಾರ ಕೌನ್ಸಿಲ್ಲಿನವರು ಬಂದು ಗೋಡೆಗೆ ಚೌಕಟ್ಟು ಹಾಕಿದ ಒಂದು ಪ್ರಶಸ್ತಿಪತ್ರ ತೂಗಿ ಹೋದರು: ಈ ಕಟ್ಟಡದ ಉಳಿತಾಯ ಗ್ಯಾರಂಟಿಯನ್ನೂ ಮೀರಿದೆ ಎಂದು.

ಫೆಬ್ರವರಿಯ ಮೊದಲ ಸೋಮವಾರ ಲಂಡನ್ನಿನಲ್ಲಿ ಬಸ್ಸು ನಿಂತುಹೋಯಿತು. ಅಂಥ ಹಿಮ ಎಷ್ಟೋ ವರ್ಷಗಳಿಂದ ಬಿದ್ದಿರಲಿಲ್ಲ. ನಮ್ಮ ಮನೆಯ ಬಾಯ್ಲರಿನ ಕೊಳವೆ ಹೆಪ್ಪುಗಟ್ಟಿ ಕೆಟ್ಟಿತು. ರಿಪೇರಿಯವನು ಬರುವ ಹಾಗಿಲ್ಲ. ತಾಯಿಯ ತುಟಿ ನೋಡಿ ನನಗೆ ಭಯವಾಯಿತು. ಹಾಲು ಮೂರು ಬೀದಿಯಾಚೆ. ಅವಳಿಗೆ ಎರಡು ಕಂಬಳಿ ಸುತ್ತಿ, ಅರ್ಧ ನಡೆಸಿ ಅರ್ಧ ಹೊತ್ತು ತಂದೆ. ಇಂದು ತೆಗೆಯಬೇಕಿಲ್ಲ ಎಂದು ಕೌನ್ಸಿಲ್ ಹೇಳಿದ್ದರೂ ಗುರುದೇವಿ ತೆಗೆದಿದ್ದಳು. ಬಸಲಿಂಗವ್ವ ಮತ್ತು ಇನ್ನಿಬ್ಬರು ಮುದುಕಿಯರು ಆಗಲೇ ಬಂದು ಮುದುಡಿ ಕೂತಿದ್ದರು. ಅವರ ಉಸಿರು ಕೋಣೆಯೊಳಗೇ ಹೊಗೆಯ ಹಾಗೆ ಕಾಣುತ್ತಿತ್ತು. ದೀಪ ಮಾತ್ರ ಐದು ಬತ್ತಿಯಲ್ಲಿ ಚೆಂದವಾಗಿ ಉರಿಯುತ್ತಿತ್ತು.

ಗುರುದೇವಿ ಫೋನಿನಲ್ಲಿದ್ದಳು. ಆ ಕಡೆಯ ದನಿ ನಮಗೂ ಕೇಳಿಸಿತು. "ಮೂವತ್ತು ಡಿಗ್ರಿ, ಮೇಡಮ್. ಬೇಕಾದರೆ ಒಂದು ಕಿಟಕಿ ತೆರೆಯಿರಿ."

ಅವಳು ಫೋನು ಇಟ್ಟಳು. ನನ್ನ ತಾಯಿಯ ಗಲ್ಲ ನಡುಗುತ್ತಿತ್ತು, ನಡುಗುತ್ತಲೇ ಅಂದಳು: "ನೀ ಸ್ವಲ್ಪ ಹೊರಗ್ ಹೋಯಿ ನಿಲ್ ಕಾಂಬ. ಆಗ ಬೆಚ್ಚಗಾತ್ತೋ ಇಲ್ಯೋ ಕಾಂಬ."

ಇದು ಸಿಟ್ಟಿನ ಮಾತು, ಯಾರೂ ಪಾಲಿಸುವಂಥದ್ದಲ್ಲ. ಗುರುದೇವಿ ಪಾಲಿಸಿದಳು. ಜಾಕೆಟ್ಟಿನ ಗುಂಡಿ ಹಾಕಿ, ಕುಲಾವಿ ಎಳೆದುಕೊಂಡು ಹೊರಗೆ ಹೋಗಿ, ಗಾಜಿನ ಬಾಗಿಲು ಮುಚ್ಚಿ, ನಮ್ಮ ಕಡೆ ಮುಖ ಮಾಡಿ ಹಿಮದಲ್ಲಿ ನಿಂತಳು. ನಾವು ಒಳಗೆ ಕೂತೆವು, ಪೈಪಿನ ಸದ್ದಿಗೆ ಕಿವಿಕೊಟ್ಟು. ಹೆಗಲ ಮೇಲೆ ಹಿಮ ಕೂರುತ್ತಾ ಅವಳು ಬಾಗಿಲಾಚೆ ಬಿಳಿಯಾಗುತ್ತಾ ಹೋದಳು. ಪೈಪು ಸದ್ದು ಮಾಡಲಿಲ್ಲ. ತಾಯಿಯ ನಡುಕ ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಗೊತ್ತಿತ್ತು. "ಅಮ್ಮಾ" ಅಂದೆ. "ನಿದ್ದೆ ಬತ್ತಾ ಇತ್ತ್ ಮಗಾ" ಅಂದಳು.

ನಾನು ಬಾಗಿಲು ತೆಗೆದು ಹೊರಗೆ ಬಂದೆ. "ಗುರುದೇವಕ್ಕಾ, ಒಳಗೆ ಬನ್ನಿ. ನೀವು ಇಲ್ಲಿ ಹೆಪ್ಪುಗಟ್ಟಿದರೆ ಕೌನ್ಸಿಲ್ಲಿಗೆ ನಾನು ಏನೆಂದು ಹೇಳಲಿ?"

"ಕುಲ್ಫಿ ಆಗ್ಯಾಳ ಅಂತ ಹೇಳ್ರಿ." ಹಲ್ಲು ಕಟಕಟ ಅನ್ನುತ್ತಿದ್ದವು. "ಕೋಣಿ ಬೆಚ್ಚಗಾತೇನ್ರಿ?"

"ಇಲ್ಲ."

"ಒಂಚೂರೂ?"

"ಒಂಚೂರೂ ಇಲ್ಲ."

ಅವಳು ಹೆಗಲ ಮೇಲಿನ ಹಿಮ ಕೊಡವಿಕೊಂಡಳು. ಆಮೇಲೆ, ಖುಲಾಸೆಯಾದ ಕೈದಿಯ ಹಾಗೆ, ಮೆಲ್ಲಗೆ: "ಹಂಗಾರ ನಾ ಅಲ್ಲ." ಗಾಜಿನ ಮೂಲಕ ಒಳಗೆ ನೋಡಿದಳು. "ನಾ ಹೊರಗ ಅದೀನಿ, ಚಳಿ ಒಳಗ ಐತಿ. ಮತ್ತ ನಾ ಜ್ವರದಾಗ ಮಲಗಿದ್ದಾಗ ಒಳಗ ಏನ್ ಇರಲಿಲ್ರೀ, ಶೆಟ್ರ?"

ಅವಳು ನೋಡುತ್ತಿದ್ದದ್ದನ್ನು ನಾನೂ ನೋಡಿದೆ. ದೀಪ, ಗಾಜು, ಗಾಜಿನ ಮೇಲೆ ನಡುಗುವ ಗಾಳಿ, ಅದರ ಮೇಲೆ ಬಿಳಿ ಪೆಟ್ಟಿಗೆ. ವರ್ಷಾನುಗಟ್ಟಲೆ ದೀಪ ಮಾರಿದವನು ನಾನು. ದೀಪ ಬಿಸಿಯಾಗಿರುತ್ತದೆ ಎಂದು ಆ ಚಳಿಗಾಲ ಒಮ್ಮೆಯೂ ನೆನಪಾಗಿರಲಿಲ್ಲ.

ಒಳಗೆ ಬಂದು ಅವಳು ಜಾಕೆಟ್ಟಿನ ತೋಳಿನಿಂದ ಹಿಡಿದು ಗಾಜು ಎತ್ತಿದಳು. ಬಸಲಿಂಗವ್ವ ಚೀರಿದಳು: "ಏ ಗುರುದೇವಿ! ಹರಕಿ ದೀಪ ಐತಿ! ಮೇಷ್ಟ್ರು ಇನ್ನೂ ದವಾಖಾನ್ಯಾಗ ಅದಾರ!"

"ಗೊತ್ತೈತಿ ನನಗ."

"ಮುಟ್ಟಬ್ಯಾಡ!"

ದೀಪವನ್ನು ಎತ್ತಿ ಬೇರೆ ಕಡೆ ಇಡಬಹುದಿತ್ತು ಎಂದು ಓದುವವರು ಹೇಳಬಹುದು. ಹಿತ್ತಾಳೆ ಕೆಂಡದ ಹಾಗೆ ಕಾದಿತ್ತು, ಎಣ್ಣೆ ಕುದಿಯುತ್ತಿತ್ತು. ಸುತ್ತ ಕಂಬಳಿ ಹೊದ್ದ ಮುದುಕಿಯರು. ಅವಳು ಒಂದು ಸಲ ನನ್ನ ತಾಯಿಯ ಮುಖ ನೋಡಿದಳು. ಆಮೇಲೆ ಬೆರಳು ಒದ್ದೆ ಮಾಡಿಕೊಂಡು, ಒಂದೊಂದೇ ಬತ್ತಿ ಹಿಸುಕಿದಳು. ಐದನೆಯದು ಆರಿದಾಗ ಕೋಣೆಯಲ್ಲಿ ಸುಟ್ಟ ಬತ್ತಿಯ ವಾಸನೆ ತುಂಬಿತು. ಸಾವಿನ ಮನೆಯ ವಾಸನೆ. ಯಾರೂ ಅವಳ ಕಡೆ ನೋಡಲಿಲ್ಲ.

ಎಷ್ಟು ಹೊತ್ತು ಕೂತೆವೋ. ಕೊನೆಗೆ ಗೋಡೆಯೊಳಗೆ ಎಲ್ಲೋ ಟಿಕ್ ಅಂದಿತು. ಇನ್ನೊಮ್ಮೆ. ಗುರುದೇವಿ ನನ್ನ ತಾಯಿಯನ್ನು ಕುರ್ಚಿ ಸಮೇತ ರೇಡಿಯೇಟರಿನ ಪಕ್ಕಕ್ಕೆ ಎಳೆದು, ಅವಳ ಪಾದಗಳನ್ನು ತನ್ನ ಮಡಿಲಲ್ಲಿಟ್ಟು ತಿಕ್ಕುತ್ತಾ ಕೂತಳು. ತಾಯಿ ಕಾಲು ಎಳೆದುಕೊಳ್ಳಲು ನೋಡಿದಳು. "ಸುಮ್ನ ಕುಂದರ್ರಿ ಅತ್ತಿ, ಕಾಲು ಏನ್ ನಾ ತಿನ್ನೂದಿಲ್ಲ" ಅಂದಳು ಗುರುದೇವಿ. ಮನೆಯಲ್ಲಿ ಆಡಿದ ಮಾತು ಅವಳ ಕಿವಿಗೂ ಬಿದ್ದಿತ್ತು.

ಆ ಗುರುವಾರ ಅನಂತಮೂರ್ತಿ ಆಸ್ಪತ್ರೆಯಲ್ಲಿ ತೀರಿಕೊಂಡರು.

ದೀಪವನ್ನು ಅಡುಗೆಮನೆಗೆ ಸಾಗಿಸಿದ್ದಾಯಿತು, ಕೋಣೆ ಬೆಚ್ಚಗಾಯಿತು. ವ್ಯಾಪಾರಿಯ ಬುದ್ಧಿಯಿಂದ ನಾನು ಹೇಳಿದೆ: "ಅಕ್ಕಾ, ಇನ್ನು ಬಾಯಿ ಮುಚ್ಚಿಕೊಂಡಿರಿ. ರೋಗ ಹೋಯಿತಲ್ಲ, ವೈದ್ಯರಿಗೆ ಯಾಕೆ ಕಾಗದ ಬರೆಯುತ್ತೀರಿ?"

"ಈ ಕಂಪನ್ಯಾವ್ರು ಬ್ಯಾರೆ ಹಾಲ್‌ನ್ಯಾಗೂ ಪೆಟಗಿ ಹೊಡದಾರಲ್ರೀ? ಅಲ್ಲಿ ಯಾರೂ ದೀಪ ಹಚ್ಚೂದಿಲ್ಲೇನು? ಚರ್ಚಿನವ್ರು ಮೇಣಬತ್ತಿ ಹಚ್ಚೂದಿಲ್ಲೇನು?"

ಅವಳೇ ಫೋನು ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಕಂಪನಿಯವನು ಬಹಳ ಹೊತ್ತು ಕೇಳಿಸಿಕೊಂಡು ಥ್ಯಾಂಕ್ಸ್ ಹೇಳಿದ. ಮುಂದಿನ ಚಳಿಗಾಲಕ್ಕೆ ಗ್ಯಾಸು ಉರಿಯಬೇಕಾದಷ್ಟು ಉರಿಯಿತು, ಉಳಿತಾಯ ಗ್ಯಾರಂಟಿಗಿಂತ ಕೆಳಗೆ ಬಿತ್ತು. ಆಗ ಕಂಪನಿಗೆ ಆ ಫೋನು ನೆನಪಾಯಿತು. ಕಟ್ಟಡ ಬಳಸುವವರು ಉಪಕರಣಕ್ಕೆ ಅಡ್ಡಿ ಮಾಡಿದರೆ ಗ್ಯಾರಂಟಿ ಅನ್ವಯಿಸದು ಎಂಬ ಸಾಲು ಕರಾರಿನಲ್ಲಿತ್ತು. ಕೇರ್‌ಟೇಕರ್ ತಾನೇ ಒಪ್ಪಿಕೊಂಡಿದ್ದಾಳೆ ಎಂದು, ಕಮ್ಮಿಬಿದ್ದದ್ದನ್ನು ಕಟ್ಟಿಕೊಡಲು ಒಪ್ಪಲಿಲ್ಲ. ಮೊದಲ ವರ್ಷದ ಹೆಚ್ಚಿನ ಉಳಿತಾಯದಲ್ಲಿ ಕಂಪನಿ ತೆಗೆದುಕೊಂಡ ಪಾಲನ್ನು ಮಾತ್ರ ಯಾರೂ ಮರಳಿ ಕೇಳಲಿಲ್ಲ. ಕೌನ್ಸಿಲ್ಲಿನವರು ಗುರುದೇವಿಯನ್ನು ತೆಗೆಯಲಿಲ್ಲ, ಅವಳ ಹುದ್ದೆಯನ್ನು ತೆಗೆದರು. ಬೀಳ್ಕೊಡುಗೆಗೆ ಮುದುಕಿಯರು ಬರಲಿಲ್ಲ. ಹರಕೆಯ ದೀಪ ಹಿಸುಕಿದವಳು, ಮೇಷ್ಟರು ಹೋದದ್ದು ಅದರಿಂದಲೇ ಎಂಬುದು ಅವರಲ್ಲಿ ತೀರ್ಮಾನವಾಗಿತ್ತು. ಅವರು ಅದನ್ನು ಮಾತಾಡಿಕೊಂಡದ್ದು ಬೆಚ್ಚಗಿನ ಕೋಣೆಯಲ್ಲಿ, ಕೋಟು ಬಿಚ್ಚಿಟ್ಟು.

ಈಗ ಅವಳು ಕೊಲಿಂಡೇಲ್‌ನಲ್ಲಿ ಮಗನ ಫ್ಲಾಟಿನಲ್ಲಿದ್ದಾಳೆ. ಹೋದ ಸಲ ನಾನು ಹೋದಾಗ ಹಲಗೆಯ ಮೇಲೆ ಬ್ಯಾಟರಿಯ ದೀಪ ಮಿಣುಕುತ್ತಿತ್ತು. ನಿಜವಾದದ್ದು ಹಚ್ಚಿದರೆ ಚಾವಣಿಯ ಅಲಾರಮ್ ಕೂಗುತ್ತದಂತೆ. "ಎಣ್ಣಿ ಬ್ಯಾಡ, ಬತ್ತಿ ಬ್ಯಾಡ. ನಿಮ್ಮ ವ್ಯಾಪಾರ ಮುಳುಗಿತು ನೋಡ್ರಿ ಶೆಟ್ರ" ಎಂದು ನಕ್ಕಳು. ಬಲಗೈಯ ಎರಡು ಬೆರಳ ತುದಿಯಲ್ಲಿ ಅಂದು ಸುಟ್ಟುಕೊಂಡ ಬಿಳಿ ಕಲೆ ಹಾಗೇ ಇದೆ. ಹೊರಗೆ ಬಂದು ಟ್ಯೂಬು ರೈಲು ಹಿಡಿಯಲು ಹೋಗುವಾಗ ಒಂದು ಶಾಲೆಯ ಕಿಟಕಿಯಲ್ಲಿ, ಮಕ್ಕಳ ಚಿತ್ರಗಳ ಮೇಲೆ, ಅಂಥದ್ದೇ ಬಿಳಿ ಪೆಟ್ಟಿಗೆ ಕಂಡಿತು. ಅದರ ಕೆಳಗೆ ಏನಿದೆ ಎಂದು ನಿಂತು ನೋಡಿದೆ. ಗಾಜಿನ ಮೇಲೆ ಉಗಿ ಕಟ್ಟಿತ್ತು, ಕಾಣಲಿಲ್ಲ.

ನನ್ನ ತಾಯಿ ಆ ಹಿಮದ ದಿನದ ನಂತರವೂ ಕೆಲವು ವರ್ಷ ಬದುಕಿದಳು, ಗುರುದೇವಿಯ ಬಳಿ ತಪ್ಪಾಯಿತು ಎನ್ನದೆಯೇ ಹೋದಳು. ಆ ವರ್ಷಗಳಿಗೂ, ಅವಳು ಆಡದೇ ಹೋದ ಆ ಒಂದು ಮಾತಿಗೂ ನಾನು ಗುರುದೇವಿಗೆ ಋಣಿ.